ಶಾಲೆ ನಡೆಸುವವರಿಗೂ ಫೆಲೋಶಿಪ್ ಬೇಕು

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಮುಖ್ಯ ಶಿಕ್ಷಕಿ. ಕೆಲಸದ ಜೊತೆಗೇ ಅರೆಕಾಲಿಕ ಪಿಎಚ್.ಡಿ ಮಾಡುತ್ತಿದ್ದೇನೆ. ವಿಷಯ ಶಾಲಾ ನಾಯಕತ್ವ. ಬಿಡಿಸಿ ಹೇಳಬೇಕೆಂದರೆ, ಪ್ರಭಾರಿ ಮುಖ್ಯ ಶಿಕ್ಷಕರು ಶಾಲೆಯನ್ನು ಹೇಗೆ ನಡೆಸುತ್ತಾರೆ ಅಂತ.

ಕಾಯಂ ಮುಖ್ಯ ಶಿಕ್ಷಕರು (ಎಚ್.ಎಂ) ಇಲ್ಲದ ಕಡೆ ಹಿರಿಯ ಸಹಶಿಕ್ಷಕರೊಬ್ಬರಿಗೆ ಚಾರ್ಜ್ ಕೊಡುತ್ತಾರೆ. ಅವರು ತಮ್ಮ ಪೀರಿಯಡ್ಡನ್ನೂ ತೆಗೆದುಕೊಳ್ಳಬೇಕು, ಮಕ್ಕಳ ದಾಖಲೆ ಇಡುವ ಸರ್ಕಾರಿ ಜಾಲತಾಣ ಸ್ಯಾಟ್ಸ್‌ಗೆ ಮಾಹಿತಿಯನ್ನೂ ತುಂಬಬೇಕು, ಬಿಸಿಯೂಟದ ಮೊಟ್ಟೆ ಲೆಕ್ಕವನ್ನೂ ಬರೆಯಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬೈಸಿಕೊಳ್ಳುವವರೂ ಅವರೇ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ಹರಟುತ್ತಿದ್ದ ಮೇಷ್ಟ್ರಿಗೆ ಇವತ್ತು ‘ಯಾಕೆ ಸಾರ್ ಲೇಟು’ ಅಂತ ಕೇಳುವುದು ಸುಲಭವೇ? ಬಹಳ ಜನ ಕೇಳುವುದೇ ಇಲ್ಲ. ಹಾಗೆ ಕೇಳದೇ ಬಿಟ್ಟ ಶಾಲೆಗೆ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಇದಕ್ಕೇನಾದರೂ ಫೆಲೋಶಿಪ್ ಸಿಗುತ್ತದಾ ಅಂತ ಹುಡುಕಿದೆ. ಯುಜಿಸಿಯ ಜೆಆರ್‌ಎಫ್ (ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಆದರೆ ವಯಸ್ಸು 30 ದಾಟಿರಬಾರದು. ಮಹಿಳೆಯರಿಗೆ, ಮೀಸಲಾತಿ ಇರುವವರಿಗೆ ಇನ್ನೈದು ವರ್ಷ ಸಡಿಲಿಕೆ. ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್ಪಿಗೆ 40ರ ಮಿತಿ. ಯುಜಿಸಿಯದೇ ನಾನ್-ನೆಟ್ ಫೆಲೋಶಿಪ್ ಅಂತ 8,000 ರೂಪಾಯಿ ಇದೆ, ಅದು ಕೇಂದ್ರೀಯ ವಿಶ್ವವಿದ್ಯಾಲಯಗಳವರಿಗೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವ ನಮ್ಮಂಥವರು ಅದರ ಹತ್ತಿರಕ್ಕೂ ಸುಳಿಯುವಂತಿಲ್ಲ. ಇನ್ನು ಕೆಲಸದಲ್ಲಿದ್ದುಕೊಂಡು ಓದುವವರಿಗೆ ಇವು ಯಾವುವೂ ಇಲ್ಲ. ಇಲಾಖೆಯ ಒಪ್ಪಿಗೆ ಪತ್ರ ತಂದರೆ ಅರೆಕಾಲಿಕ ಪಿಎಚ್.ಡಿ ಮಾಡಬಹುದು ಅಂತ ಯುಜಿಸಿಯ 2022ರ ನಿಯಮವೇ ಹೇಳುತ್ತದೆ. ಊಟಕ್ಕೆ ಕರೆದು ಎಲೆ ಹಾಕದ ಹಾಗಾಯಿತು.

ಭೌತಶಾಸ್ತ್ರಕ್ಕೋ ಗಣಿತಕ್ಕೋ ವಯಸ್ಸಿನ ಮಿತಿ ಇರಲಿ, ನನ್ನ ತಕರಾರಿಲ್ಲ. ಶಾಲೆ ನಡೆಸುವುದರ ಬಗ್ಗೆ ಸಂಶೋಧನೆ ಮಾಡುವವರು ಒಂದಷ್ಟು ವರ್ಷ ಶಾಲೆ ನಡೆಸಿರಬೇಕು ಅಲ್ವಾ? ನಮ್ಮಲ್ಲಿ ಬಡ್ತಿ ಬಂದು ಎಚ್.ಎಂ ಆಗುವ ಹೊತ್ತಿಗೆ ಬಹುತೇಕರ ತಲೆ ನೆರೆತಿರುತ್ತದೆ. ನನ್ನ ಜೊತೆ ಕೋರ್ಸ್‌ವರ್ಕ್ ಮಾಡಿದ ಜೆಆರ್‌ಎಫ್ ಹುಡುಗನೊಬ್ಬ ಇದ್ದಾನೆ. ಜಾಣ. ನನಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನೇ ಅವನು. ಆದರೆ ಅವನು ಪ್ರಶ್ನಾವಳಿ ಹಿಡಿದು ಹೋದರೆ ಶಾಲೆಗಳಲ್ಲಿ ‘ಎಲ್ಲ ಚೆನ್ನಾಗಿದೆ’ ಅಂತ ಟಿಕ್ ಹಾಕಿ ಕಳಿಸುತ್ತಾರೆ. ನಾನು ಹೋದರೆ ಟೀ ತರಿಸಿ ನಿಜ ಹೇಳುತ್ತಾರೆ.

ನಾಯಕತ್ವ ತರಬೇತಿಗೇನೂ ಬರವಿಲ್ಲ. ದೆಹಲಿಯಲ್ಲಿರುವ, ಶಿಕ್ಷಣದ ಯೋಜನೆ ಮತ್ತು ಆಡಳಿತ ಕಲಿಸುವ ನೀಪಾ ಸಂಸ್ಥೆಯಲ್ಲಿ 2012ರಿಂದ ಶಾಲಾ ನಾಯಕತ್ವಕ್ಕೆಂದೇ ರಾಷ್ಟ್ರೀಯ ಕೇಂದ್ರವಿದೆ, ಧಾರವಾಡದಲ್ಲಿ ರಾಜ್ಯದ್ದೇ ಶಾಲಾ ನಾಯಕತ್ವ ಸಂಸ್ಥೆ ಸಿಸ್ಲೆಪ್ ಇದೆ. ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. (ಆ ನೀತಿ ಬೇಕೋ ಬೇಡವೋ ಅನ್ನುವ ಜಗಳ ಬೇರೆ.) ನಮ್ಮನ್ನು ಕೂರಿಸಿ ಪಿಪಿಟಿ ತೋರಿಸಲು ಹಣವಿದೆ. ಆ ಪಿಪಿಟಿಯಲ್ಲಿ ನಮ್ಮ ತಾಲ್ಲೂಕಿನ ಪ್ರಭಾರಿಗಳ ಪಾಡು ಬರಬೇಕಾದರೆ ಯಾರಾದರೂ ಅದನ್ನು ಕೂತು ಅಧ್ಯಯನ ಮಾಡಬೇಕಲ್ಲ?

‘ಸಂಬಳ ಬರುತ್ತದಲ್ಲ ಮೇಡಂ, ಸ್ಕಾಲರ್‌ಶಿಪ್ ಯಾಕೆ?’ ಅಂತ ಕೇಳುವವರಿದ್ದಾರೆ. ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಬಿಡುವು. ನಾನು ದೀರ್ಘ ರಜೆ ಹಾಕಿದರೆ ನನ್ನ ಶಾಲೆಗೂ ಪ್ರಭಾರಿಯೇ ಗತಿ! ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಿಗೆ ಸಂಬಳದ ಜೊತೆ ಪಿಎಚ್.ಡಿ ಮಾಡಲು ಕ್ಯೂಐಪಿ ಯೋಜನೆ 1970ರಲ್ಲೇ ಶುರುವಾಯಿತು. ಪದವಿ ಕಾಲೇಜಿನವರಿಗೆ ಯುಜಿಸಿಯ ಟೀಚರ್ ಫೆಲೋಶಿಪ್ ಇದ್ದಾಗ, ಅವರ ಜಾಗಕ್ಕೆ ಬಂದ ಬದಲಿ ಅಧ್ಯಾಪಕರ ಸಂಬಳವನ್ನೂ ಯುಜಿಸಿಯೇ ಕೊಡುತ್ತಿತ್ತು. ಅದೇ ಮಾದರಿಯನ್ನು ಶಾಲೆಗೂ ತರಲಿ.

ಶಿಕ್ಷಣ ಇಲಾಖೆ ಮೊದಲ ವರ್ಷ ವಿಭಾಗಕ್ಕೊಬ್ಬರಂತೆ ನಾಲ್ಕೇ ಮುಖ್ಯ ಶಿಕ್ಷಕರನ್ನು ಆರಿಸಿದರೂ ಸಾಕು. ಎರಡು ವರ್ಷ ಸಂಬಳ ಸಹಿತ ರಜೆ, ಆ ಶಾಲೆಗೆ ಪೂರ್ಣಾವಧಿಯ ಬದಲಿ ಎಚ್.ಎಂ, ಓಡಾಟಕ್ಕೆ ಮತ್ತು ಮುದ್ರಣಕ್ಕೆ ಒಂದಿಷ್ಟು ಹಣ ಕೊಡಲಿ. ಮುಗಿಸಿದ ಮೇಲೆ ಐದು ವರ್ಷ ಸರ್ಕಾರಿ ಶಾಲೆಯಲ್ಲೇ ದುಡಿಯಬೇಕು, ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ಗೆ ಕೊಡಬೇಕು ಅಂತ ಬಾಂಡ್ ಬರೆಸಿಕೊಳ್ಳಲಿ. ನಾನಂತೂ ಸಹಿ ಹಾಕಲು ತಯಾರು.

– ಒಬ್ಬ ಮುಖ್ಯ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು