ಅಂಗಡಿ ಸಮಯ ಬದಲಾಗುತ್ತಿದೆ: ಗ್ರಾಹಕರಿಗೊಂದು ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕಾಂಡಿಮೆಂಟ್ಸ್ ಅಂಗಡಿ ಬೆಳಿಗ್ಗೆ 8ರಿಂದ 12ರವರೆಗೆ, ಸಂಜೆ 4.30ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಇಷ್ಟು ದಿನ ಬೆಳಿಗ್ಗೆ 10ಕ್ಕೆ ತೆರೆದು ರಾತ್ರಿ 8ರವರೆಗೆ ಒಂದೇ ಸಮನೆ ನಡೆಸುತ್ತಿದ್ದೆವು. ಇನ್ನು ಮಧ್ಯಾಹ್ನ ಬಾಗಿಲು ಹಾಕುತ್ತೇವೆ. ಮಂಗಳವಾರದ ರಜೆ ಹಾಗೇ ಇರುತ್ತದೆ.

ಯಾಕೆ ಅಂತ ಕೌಂಟರಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಉತ್ತರ ಸ್ವಲ್ಪ ಉದ್ದ ಇದೆ. ನಮ್ಮ ಬಾಗಿಲು ಯಾವಾಗ ತೆಗೆಯಬೇಕು ಅನ್ನೋದನ್ನು ತಾತನ ಕಾಲದಿಂದಲೂ ತೀರ್ಮಾನಿಸುತ್ತಾ ಬಂದಿರುವುದು ಬೆಂಗಳೂರಿನ ನಮ್ಮ ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯ ಆ ದೊಡ್ಡ ಜಾಗ. ಇವತ್ತು ಅಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಮೊದಲು ಅಲ್ಲಿದ್ದದ್ದು ರಾಜಾ ಮಿಲ್ ಅನ್ನೋ ಬಟ್ಟೆ ಗಿರಣಿ.

ಈಗಿನ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಮಿಲ್ಲಿನ ಪೂರ್ತಿ ಹೆಸರು ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್. ಕಂಪನಿ ಶುರುವಾಗಿದ್ದು 1884ರಲ್ಲಿ. ಅಂದರೆ 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಮಲ್ಲೇಶ್ವರ ಬಡಾವಣೆಯ ಕಡೆ ಬರುವುದಕ್ಕೂ ಮೊದಲೇ! ತಾತ ಅಂಗಡಿ ಇಟ್ಟಾಗ ಗಿರಾಕಿಗಳಲ್ಲಿ ಮಿಲ್ಲಿನವರೇ ಜಾಸ್ತಿ. ಮೊದಲ ಶಿಫ್ಟಿಗೆ ಹೋಗುವವರು ಖಾರಾಬೂಂದಿ, ಹುರಿಗಡಲೆ ಕಟ್ಟಿಸಿಕೊಳ್ಳುತ್ತಿದ್ದರು. ಹಾಗಾಗಿ ಬೆಳಕು ಹರಿಯುವ ಮೊದಲೇ ಬಾಗಿಲು ತೆಗೆಯಬೇಕಿತ್ತು. ಸಾಲ ಬರೆಸಿ, ದುಡ್ಡು ಕೊಡುತ್ತಿದ್ದದ್ದು ಸಂಬಳದ ದಿನ. ಆ ಲೆಕ್ಕದ ಪುಸ್ತಕಗಳು ಇವತ್ತಿಗೂ ನಮ್ಮ ಬೀರುವಿನಲ್ಲಿವೆ. ಕೆಂಪು ಬಟ್ಟೆಯ ರಟ್ಟು, ಪುಟಗಳ ಅಂಚಿಗೆಲ್ಲ ಎಣ್ಣೆ ಬೆರಳಿನ ಗುರುತು. ತೀರಿದ ಲೆಕ್ಕದ ಮೇಲೆ ತಾತ ನೀಲಿ ಶಾಯಿಯಲ್ಲಿ ಒಂದು ಗೀಟು ಎಳೆದಿದ್ದಾರೆ. ನೋಡಬೇಕೆನಿಸಿದವರು ಕೇಳಿ, ಖಂಡಿತ ತೋರಿಸುತ್ತೇವೆ.

ಮಿಲ್ ನಿಂತಿತು. ಬೆಳಗಿನ ವ್ಯಾಪಾರವೂ ಅದರ ಜೊತೆಗೇ ಹೋಯಿತು.

2010ರಲ್ಲಿ ಮಾಲ್ ತೆರೆಯಿತು. ಬೆಂಗಳೂರಿಗೆ ಮಾಲ್ ಆಗ ಹೊಸದೇನಲ್ಲ. ಕೋರಮಂಗಲದ ಫೋರಂ 2004ರಲ್ಲೇ ಬಂದಿತ್ತು. ಆದರೆ ನಮ್ಮ ಪಕ್ಕದಲ್ಲೇ ಅಷ್ಟು ದೊಡ್ಡದು ಬಂದಾಗ ಇಡೀ ರಸ್ತೆಗೆ ಆತಂಕ. ಹೂವಿನವರಿಂದ ಹಿಡಿದು ಪಾತ್ರೆ ಅಂಗಡಿಯವರವರೆಗೆ ಎಲ್ಲರದ್ದೂ ಒಂದೇ ಮಾತು, ಇನ್ನು ನಮ್ಮ ಕಥೆ ಮುಗೀತು ಅಂತ. ನಮಗಂತೂ ಹಾಗಾಗಲಿಲ್ಲ. ಸಿನಿಮಾ ನೋಡಿ, ಎಸಿಯಲ್ಲಿ ಸುತ್ತಾಡಿದ ಜನ ವಾಪಸ್ ಹೋಗುವಾಗ 8ನೇ ಕ್ರಾಸ್ ಕಡೆ ನಡೆದುಕೊಂಡೇ ಬಂದರು. ಅವರಿಗೆ ಅನುಕೂಲವಾಗಲಿ ಅಂತಲೇ ಅಪ್ಪ 10ರಿಂದ 8ರ ಸಮಯ ಮಾಡಿದ್ದು.

ಇಂಥ ಮಾಲ್‌ಗಳ ಮೂಲ ಹುಡುಕಿದರೆ ಅಮೆರಿಕಕ್ಕೆ ಹೋಗಿ ಮುಟ್ಟುತ್ತೇವೆ. ಪೂರ್ತಿ ಮುಚ್ಚಿದ, ಒಳಗೆಲ್ಲ ಎಸಿ ಇರುವ ಸೌತ್‌ಡೇಲ್ ಎಂಬ ಮಾಲ್ 1956ರ ಅಕ್ಟೋಬರ್‌ನಲ್ಲಿ ಮಿನಿಯಾಪೊಲಿಸ್ ಪಕ್ಕದ ಎಡೈನಾದಲ್ಲಿ ಶುರುವಾಯಿತು. ಅದನ್ನು ವಿನ್ಯಾಸ ಮಾಡಿದ ವಿಕ್ಟರ್ ಗ್ರೂಯೆನ್ ವಿಯೆನ್ನಾದವರು. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದವರು. ಕಾರಿಲ್ಲದೆ ಏನೂ ನಡೆಯದ ಆ ಹೊರವಲಯದಲ್ಲಿ ಜನ ಕಾಲ್ನಡಿಗೆಯಲ್ಲಿ ಓಡಾಡಲಿ, ಕೂತು ಮಾತಾಡಲಿ ಅನ್ನೋದು ಅವರ ಆಸೆ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕ್ ಎಲ್ಲ ಬರಬೇಕು ಅಂದುಕೊಂಡಿದ್ದರು. ಆದರೆ ಅಂಗಡಿಗಳ ಸುತ್ತ ಎದ್ದು ಕಂಡಿದ್ದು ಪಾರ್ಕಿಂಗ್ ಜಾಗ. ಆ ಥರದ ಮಾಲ್‌ಗಳಿಗೂ ತಮಗೂ ಸಂಬಂಧವಿಲ್ಲ ಅಂತ ಕೊನೆಗಾಲದಲ್ಲಿ ಅವರೇ ಹೇಳಿಬಿಟ್ಟರು. ಪಾಪ, ಅವರು ಕೇಳಿದ್ದೆಲ್ಲ ನಮ್ಮಲ್ಲಿ ಮಾಲ್ ಬರುವ ಮೊದಲೇ ಇತ್ತಲ್ವಾ? ದೇವಸ್ಥಾನ, ಶಾಲೆ, ತರಕಾರಿ, ಕಾಫಿ ಪುಡಿ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಮಾಲ್ ಬಂದರೂ ನಾವು ಉಳಿದದ್ದು ಅದರಿಂದಲೇ ಅಂತ ನಾನು ನಂಬಿದ್ದೇನೆ.

ಈಗ ಮತ್ತೆ ಸಮಯ ಬದಲಿಸಲು ಕಾರಣ ಮೆಟ್ರೋ. ಮಾಲಿಗೆ ಅಂಟಿಕೊಂಡೇ ಇರುವ ಸಂಪಿಗೆ ರಸ್ತೆ ನಿಲ್ದಾಣ 2014ರ ಮಾರ್ಚ್ 1ರಂದು ತೆರೆಯಿತು. ಆಗ ರೈಲು ಪೀಣ್ಯದ ಕಡೆಗೆ ಮಾತ್ರ. 2017ರ ಜೂನ್‌ನಲ್ಲಿ ಮೆಜೆಸ್ಟಿಕ್ ಸೇರಿತು. 2023ರ ಅಕ್ಟೋಬರ್‌ನಲ್ಲಿ ಮೆಜೆಸ್ಟಿಕ್ ಮೇಲೆ ಹಾದುಹೋಗುವ ನೇರಳೆ ಮಾರ್ಗ, ಐಟಿ ಆಫೀಸುಗಳಿರುವ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ನಮ್ಮ ಕೌಂಟರ್ ಬೇರೆಯೇ ಆಗಿದೆ. ಆಫೀಸ್ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಇಲ್ಲಿ ಇಳಿಯುವಷ್ಟರಲ್ಲಿ ರಾತ್ರಿ 9 ಆಗುತ್ತದೆ. ಮುಚ್ಚಿದ ಷಟರ್ ನೋಡಿ ನೀವು ವಾಪಸ್ ಹೋಗುವುದು ನಮಗೆ ನಿಜಕ್ಕೂ ಬೇಸರದ ವಿಷಯ.

ಮಧ್ಯಾಹ್ನ ಬಾಗಿಲು ಹಾಕುವುದು ವಿಶ್ರಾಂತಿಗೆ ಅಂದುಕೊಳ್ಳಬೇಡಿ. ಅಡುಗೆಮನೆಯಲ್ಲಿ ಕೆಲಸ ನಡೆದೇ ಇರುತ್ತದೆ. ಕೋಡುಬಳೆ ಬೆಳಿಗ್ಗೆ ಕರಿದರೆ ರಾತ್ರಿಯವರಿಗೆ ಗರಿಗರಿಯಾಗಿ ಸಿಗುವುದಿಲ್ಲ. ಹಾಗಾಗಿ 12.30ಕ್ಕೆ ಬಾಣಲೆ ಇಡುತ್ತೇವೆ. ಸಣ್ಣ ಉರಿಯಲ್ಲಿ, ಎಣ್ಣೆಯ ಗುಳ್ಳೆ ನಿಲ್ಲುವವರೆಗೂ ಬೇಯಬೇಕು. ತೆಗೆದ ಮೇಲೆ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿ ಇರುವಾಗಲೇ ಪ್ಯಾಕ್ ಮಾಡಿದರೆ ಹಬೆ ಕೂತು ಮೆತ್ತಗಾಗುತ್ತದೆ. ಕೌಂಟರಿನಲ್ಲಿ ಜನ ನಿಂತಿರುವಾಗ ಈ ಕೆಲಸ ಅವಸರಕ್ಕೆ ಬೀಳುತ್ತದೆ, ಅದು ನಮಗೆ ಬೇಡ.

ಮಧ್ಯಾಹ್ನವೇ ಬರುವ ಅಭ್ಯಾಸ ಇರುವ ಹಿರಿಯರಿಗೆ ಇದರಿಂದ ತೊಂದರೆ ಅಂತ ಗೊತ್ತಿದೆ. ಬೆಳಿಗ್ಗೆ 11ರೊಳಗೆ ಫೋನ್ ಮಾಡಿ. ಮಲ್ಲೇಶ್ವರದ ಒಳಗೆ ಎಲ್ಲಿದ್ದರೂ ಸಂಜೆ ಮನೆಗೇ ತಂದು ಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಮದುವೆ, ನಾಮಕರಣದ ಆರ್ಡರ್‌ಗಳನ್ನು ಮೊದಲಿನ ಹಾಗೇ ಒಂದು ವಾರ ಮುಂಚೆ ಹೇಳಿ. ಬೆಲೆಗಳಲ್ಲಿ ಬದಲಾವಣೆ ಇಲ್ಲ.

ಇಂತಿ ನಿಮ್ಮ,
ಅಂಗಡಿಯ ಮನೆಮಂದಿ ಮತ್ತು ಅಡುಗೆಮನೆಯವರು