ಸೋಲ್‌ನ ಆ ಹಿರಿಯರಿಗೆ, ಥ್ಯಾಂಕ್ಸ್

ನಿಮ್ಮ ಹೆಸರು ಕೇಳೋಕೂ ಬಿಡಲಿಲ್ಲ ನೀವು, ಅದಕ್ಕೇ ಹೀಗೆ ಎಲ್ಲರ ಮುಂದೆ ಬರೀತಿದ್ದೇನೆ. ಆಗಸ್ಟ್ 15. ನಾನು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಪ್ರವಾಸ ಬಂದಿದ್ದೆ. ನಮ್ಮ ರಾಯಭಾರ ಕಚೇರಿಯಲ್ಲಿ ಬೆಳಿಗ್ಗೆ ಧ್ವಜಾರೋಹಣ ಇದೆ, ಹೋಗಲೇಬೇಕು ಅಂತ ಹೊರಟೆ. ನನ್ನ ಫೋನಿನ ಮ್ಯಾಪ್ ಅಲ್ಲಿ ನಡೆಯುವ ದಾರಿಯನ್ನೇ ತೋರಿಸಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಸುಮ್ನೆ ಫೋನ್ ತಿರುಗಿಸುತ್ತಿದ್ದಾಗ ನೀವು ನನ್ನ ಎದೆ ಮೇಲಿನ ಪುಟ್ಟ ತ್ರಿವರ್ಣ ಬ್ಯಾಡ್ಜ್ ನೋಡಿದಿರಿ. ಬೀದಿ ಕಂಬಗಳ ಮೇಲಿದ್ದ ನಿಮ್ಮ ಬಾವುಟ ತೋರಿಸಿದಿರಿ, ಆಮೇಲೆ ನನ್ನ ಬ್ಯಾಡ್ಜ್, ಆಮೇಲೆ ಎರಡು ಬೆರಳು ಜೋಡಿಸಿ ನಕ್ಕಿರಿ. ಕೊರಿಯಾಕ್ಕೆ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಸಿಕ್ಕಿದ್ದು 1945ರ ಇದೇ ದಿನ, ನಮಗೆ 1947ರಲ್ಲಿ. ಇಬ್ಬರಿಗೂ ಒಂದೇ ದಿನ ರಜೆ!

ಆ ಬಿಸಿಲಲ್ಲಿ, ಆ ಏರು ರಸ್ತೆಯಲ್ಲಿ (ಸೋಲ್‌ನಲ್ಲಿ ಏರು ಸ್ವಲ್ಪ ಜಾಸ್ತಿನೇ) ಗೇಟಿನವರೆಗೂ ಬಂದಿರಿ. ಕೈ ತೋರಿಸಿ ಕಳಿಸಿದ್ದರೂ ಸಾಕಿತ್ತು, ಅಲ್ವಾ? ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವ ಹೊತ್ತಿಗೆ ಧ್ವಜ ಇನ್ನೂ ಹಾರಿರಲಿಲ್ಲ. ಜನಗಣಮನ ಹಾಡಿದೆವು, ರಾಷ್ಟ್ರಪತಿಗಳ ಭಾಷಣ ಓದಿದರು. ಪಕ್ಕದಲ್ಲಿ ಯಾರೋ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಕಣ್ಣು ತುಂಬಿತು. ಭಾರತ ಮೂರೂವರೆ ಗಂಟೆ ಹಿಂದೆ, ಮನೆಯಲ್ಲಿ ಇನ್ನೂ ಎಲ್ಲರೂ ನಿದ್ದೆಯಲ್ಲಿದ್ದರು. ಹೊರಗೆ ಬಂದು ಹುಡುಕಿದೆ, ನೀವಿರಲಿಲ್ಲ.

ನೀವು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಹೇಳ್ತೇನೆ: ನಿಮಗೂ ಹಬ್ಬದ ಶುಭಾಶಯ, ಅಜ್ಜ. ತುಂಬಾ ತುಂಬಾ ಥ್ಯಾಂಕ್ಸ್.