ಕಸೂತಿಯನ್ನೂ ಕಲಾಪುಟದಲ್ಲಿ ಹಾಕಿ

ಸಂಪಾದಕರೇ,

ಪೇಂಟಿಂಗ್ ಪ್ರದರ್ಶನ ನಡೆದರೆ ವಿಮರ್ಶಕರು ಹೋಗಿ ನೋಡಿ ಅರ್ಧ ಪುಟ ಬರೆಯುತ್ತಾರೆ. ಕಸೂತಿ ಪ್ರದರ್ಶನವಾದರೆ ಅದು ಸೀದಾ ಮಹಿಳಾ ಪುರವಣಿಗೆ ಹೋಗುತ್ತದೆ, ಅಡುಗೆ ಮತ್ತು ಚರ್ಮದ ಆರೈಕೆಯ ನಡುವೆ. ‘ಬಿಡುವಿನ ಹವ್ಯಾಸ’ ಎಂಬ ಮಾತಂತೂ ಅದರಲ್ಲಿ ಇದ್ದೇ ಇರುತ್ತದೆ. ನಿಮ್ಮೊಬ್ಬರನ್ನೇ ದೂರುತ್ತಿಲ್ಲ, ಎಲ್ಲ ಪತ್ರಿಕೆಗಳೂ ಮಾಡುವುದು ಇದನ್ನೇ. ಆದರೆ ನಾನು ಓದುವುದು ನಿಮ್ಮದನ್ನು, ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಈ ಬೇರ್ಪಡಿಸುವಿಕೆ ತಾನಾಗಿ ಬಂದದ್ದಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ 1768ರಲ್ಲಿ ಶುರುವಾಯಿತು. ಎರಡೇ ವರ್ಷಕ್ಕೆ, ಸೂಜಿ ಕೆಲಸ, ಕೃತಕ ಹೂವು, ಚಿಪ್ಪಿನ ಅಲಂಕಾರ ಇವನ್ನೆಲ್ಲ ಪ್ರದರ್ಶನಕ್ಕೆ ತರಬೇಡಿ ಎಂದು ನಿಯಮ ಮಾಡಿತು. ಅಂದರೆ ಹೆಂಗಸರು ಮನೆಯಲ್ಲಿ ಕೂತು ಏನೇನು ಮಾಡುತ್ತಿದ್ದರೋ ಅದೆಲ್ಲ ಹೊರಗೆ! ಮುಂದೆ ಜರ್ಮನಿಯ ಬೌಹೌಸ್‌ನಂಥ ಹೊಸ ಕಾಲದ ಕಲಾಶಾಲೆಯಲ್ಲೂ ಹುಡುಗಿಯರನ್ನು ಜಾಸ್ತಿ ಕಳಿಸಿದ್ದು ನೇಯ್ಗೆ ವಿಭಾಗಕ್ಕೇ. ಅಲ್ಲೇ ಕಲಿತ ಆನಿ ಆಲ್ಬರ್ಸ್ ಅವರ ನೇಯ್ಗೆಗಳಿಗೆಂದೇ 1949ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಒಂದು ಪ್ರದರ್ಶನ ಮಾಡಿತು, ಅದು ಬೇರೆ ಮಾತು.

ಕಸೂತಿಯಲ್ಲಿ ನೋಡುವುದಕ್ಕೆ ಏನಿದೆ ಎನ್ನುವವರು ಅಮೆರಿಕದ ಕಲಾವಿದೆ ಜೂಡಿ ಚಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ಯ ಚಿತ್ರಗಳನ್ನಾದರೂ ನೋಡಲಿ. 1974ರಿಂದ 79ರವರೆಗೆ ಮಾಡಿದ ಕೃತಿ, ಈಗ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿದೆ. ತ್ರಿಕೋನದ ದೊಡ್ಡ ಮೇಜು, 39 ಹೆಂಗಸರಿಗೆ ಊಟದ ಜಾಗ, ಪ್ರತಿ ತಟ್ಟೆಯ ಕೆಳಗೂ ಒಂದೊಂದು ಕಸೂತಿ ಬಟ್ಟೆ. ಹೆಣ್ಣುಮಕ್ಕಳ ಹಕ್ಕಿಗಾಗಿ ಬರೆದ ಮೇರಿ ವೋಲ್‌ಸ್ಟನ್‌ಕ್ರಾಫ್ಟ್‌ಗೂ ಅಲ್ಲಿ ಜಾಗವಿದೆ. ಹಿಂದಿನ ಕಾಲದ ಹೆಂಗಸರು ಹಾಕುತ್ತಿದ್ದಂಥ ಉಬ್ಬು ಕಸೂತಿಯಲ್ಲೇ ಬಟ್ಟೆಯ ಮುಂಭಾಗವನ್ನು ಮುದ್ದುಮುದ್ದಾಗಿ ತುಂಬಿದ್ದಾರೆ. ಹಿಂಭಾಗಕ್ಕೆ ಹೋದರೆ ಆಕೆ ಹೆರಿಗೆಯಾಗಿ ಸಾಯುತ್ತಿರುವ ದೃಶ್ಯ, ಅದೂ ಅದೇ ಮುದ್ದಾದ ಸೂಜಿ ಕೆಲಸದಲ್ಲಿ. ಬಣ್ಣದಲ್ಲಿ ಬರೆದಿದ್ದರೆ ಅದು ಇಷ್ಟು ಚುಚ್ಚುತ್ತಿರಲಿಲ್ಲ ಅನಿಸುತ್ತದೆ ನನಗೆ. ಹೊಲಿದವರು ಬಹಳ ಜನ, ಅವರ ಹೆಸರುಗಳನ್ನೂ ಕೃತಿಯ ಜೊತೆಗೆ ಫಲಕದಲ್ಲಿ ಹಾಕಿದ್ದಾರೆ.

ಇಟಲಿಯ ಕಲಾವಿದ ಅಲಿಗಿಯೆರೊ ಬೊಯೆಟ್ಟಿ ವಿಷಯಕ್ಕೆ ಬನ್ನಿ. ಪ್ರತಿ ದೇಶದ ಮೇಲೂ ಅದರದೇ ಬಾವುಟ ತುಂಬಿದ ಪ್ರಪಂಚದ ನಕ್ಷೆಗಳನ್ನು 1971ರಿಂದ ಮಾಡಿಸಿದರು. ಹೊಲಿದವರು ಅಫ್ಘಾನಿಸ್ತಾನದ ಹೆಂಗಸರು, ಅಲ್ಲಿ ಯುದ್ಧ ಶುರುವಾದ ಮೇಲೆ ಪೇಶಾವರಕ್ಕೆ ಬಂದ ನಿರಾಶ್ರಿತರು. ಒಂದು ನಕ್ಷೆಯಲ್ಲಿ ಸಮುದ್ರವೆಲ್ಲ ಗುಲಾಬಿ ಬಣ್ಣ! ಕಲಾವಿದ ಹೇಳಿದ್ದಲ್ಲ ಅದು, ಹೊಲಿದವರು ಕೈಯಲ್ಲಿದ್ದ ದಾರ ಹಾಕಿದ್ದು. ಇವತ್ತು ಜನ ಆ ಗುಲಾಬಿ ಸಮುದ್ರದ ಮುಂದೆ ನಿಂತು ಎಂಥ ಕಲ್ಪನೆ ಅಂತಾರೆ. ಕೃತಿಯ ಪಕ್ಕದ ಚೀಟಿಯಲ್ಲಿರುವುದು ಬೊಯೆಟ್ಟಿ ಹೆಸರು ಒಂದೇ. ನಾನು ಆ ನಕ್ಷೆಗಳನ್ನು ಮೆಚ್ಚುತ್ತೇನೆ, ಸುಳ್ಳು ಹೇಳಲಾರೆ. ಆದರೆ ಅದೇ ಹೊಲಿಗೆಯನ್ನು ಆ ಹೆಂಗಸರೇ ತಮ್ಮ ಹೆಸರಲ್ಲಿ ತಂದಿದ್ದರೆ ‘ಕರಕುಶಲ’ ಅಂತ ಪಕ್ಕದ ಕೋಣೆಯಲ್ಲಿ ಇಡುತ್ತಿದ್ದರು, ಅಲ್ವಾ?

ಇದನ್ನು ತಿರುಗಿಸಿ ಹಿಡಿದವರೂ ಇದ್ದಾರೆ. ಕೈರೋದಲ್ಲಿ ಹುಟ್ಟಿದ ಘಾದಾ ಆಮರ್ ಫ್ರಾನ್ಸಿನಲ್ಲಿ ಓದುವಾಗ ಪೇಂಟಿಂಗ್ ತರಗತಿ ಗಂಡಸರಿಗೆ ಮಾತ್ರ ಅಂದರಂತೆ, ಇದನ್ನು ಅವರೇ ಹೇಳಿಕೊಂಡಿದ್ದಾರೆ. ಸರಿ, ಅವರು ಕ್ಯಾನ್ವಾಸನ್ನೇ ಸೂಜಿಯಿಂದ ಹೊಲಿದರು. ದಾರದ ತುದಿ ಕತ್ತರಿಸುವುದಿಲ್ಲ, ಜೋತುಬಿಟ್ಟು ಸಿಕ್ಕುಸಿಕ್ಕಾಗಲು ಬಿಡುತ್ತಾರೆ. ದೂರದಿಂದ ಸೋರಿದ ಬಣ್ಣದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಳಗೆ ಹೆಂಗಸರ ಬೆತ್ತಲೆ ಚಿತ್ರಗಳು, ಗಂಡಸರ ಪತ್ರಿಕೆಗಳಿಂದ ಎತ್ತಿಕೊಂಡವು.

ಹಾಗಂತ ಹೊಲಿದದ್ದೆಲ್ಲ ಕಲೆ ಅನ್ನುತ್ತಿಲ್ಲ. ಸುಮ್ನೆ ಚೆಂದಕ್ಕೆ ಹಾಕಿದ ಹೂಬಳ್ಳಿ ಬೇಕಾದಷ್ಟಿದೆ. ಸೂರ್ಯಾಸ್ತದ ಪೇಂಟಿಂಗ್‌ಗಳೂ ಬೇಕಾದಷ್ಟಿವೆ, ಅದಕ್ಕಾಗಿ ಯಾರೂ ಪೇಂಟಿಂಗನ್ನೇ ಪುರವಣಿಗೆ ಕಳಿಸಿಲ್ಲ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ನಿಮ್ಮ ಕಲಾ ವಿಮರ್ಶಕರನ್ನೇ ಕಳಿಸಿ. ಯಾವ ಹೊಲಿಗೆ, ಯಾವ ದಾರ, ಅದನ್ನೇ ಯಾಕೆ ಆರಿಸಿಕೊಂಡರು ಅಂತ ಅವರು ಕೇಳಲಿ. ಬೇರೆಯವರ ಕೈಯಲ್ಲಿ ಹೊಲಿಸಿದ್ದರೆ ಅವರ ಹೆಸರು ಕೇಳಿ ಬರೆದುಕೊಳ್ಳಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯಲಿ. ‘ತಾಳ್ಮೆ ಮೆಚ್ಚುವಂಥದ್ದು’ ಎಂಬ ಹೊಗಳಿಕೆಗಿಂತ ಅದೇ ಎಷ್ಟೋ ವಾಸಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು